ನಲವತ್ತರ ಮಂಕಿಗೆ ಒಂದು ನೋಟ್‌ಬುಕ್

ಕೇಳುಗರಿಗೆ ನಮಸ್ಕಾರ.

ನಲವತ್ತು ದಾಟಿದ ನಮ್ಮ ಕಡೆಯ ಹೆಂಗಸರು ಹೇಳಿಕೊಳ್ಳುವ ಮಾತೊಂದಿದೆ: "ಯಾಕೋ ನಾನು ಮೊದಲಿನಂಗಿಲ್ಲ ರೀ." ಸಾರಿಗೆ ಉಪ್ಪು ಹಾಕಿದ್ದು ನೆನಪಿರುವುದಿಲ್ಲ. ನಾದಿನಿಯ ಮಗಳ ಹೆಸರು ನಾಲಿಗೆಯ ತುದಿಯವರೆಗೆ ಬಂದು ನಿಂತುಬಿಡುತ್ತದೆ. ಸ್ತ್ರೀಶಕ್ತಿ ಸಂಘದ ಲೆಕ್ಕ ಎರಡು ಸಲ ಕೂಡಿದರೆ ಎರಡು ಮೊತ್ತ. ಸಣ್ಣದಕ್ಕೆ ಸಿಟ್ಟು, ಸಿಟ್ಟಿನ ಹಿಂದೆಯೇ ಅಳು. ಮನೆಯವರು "ಇಷ್ಟಕ್ಕೇ ಅರಳುಮರಳಾ?" ಅಂದುಬಿಡುತ್ತಾರೆ.

ಇದು ಅರಳುಮರಳಲ್ಲ. ಮುಟ್ಟು ನಿಲ್ಲುವ ಮೊದಲಿನ ಕಾಲ, ವೈದ್ಯರು ಪೆರಿಮೆನೋಪಾಸ್ ಅನ್ನುತ್ತಾರೆ. ಸತತವಾಗಿ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಎಂದು ಲೆಕ್ಕ. ನಮ್ಮ ದೇಶದಲ್ಲಿ ಅದು ಸುಮಾರು 46–47ನೇ ವಯಸ್ಸಿಗೆ ಆಗುತ್ತದೆ. ಅದಕ್ಕೂ ನಾಲ್ಕೈದು ವರ್ಷ ಮೊದಲೇ ಮೈಯೊಳಗೆ ಬದಲಾವಣೆ ಶುರುವಾಗಿರುತ್ತದೆ. ಕೆಲವು ತಿಂಗಳು ಅಂಡಾಣು ಬಿಡುಗಡೆಯೇ ಆಗುವುದಿಲ್ಲ, ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಈಸ್ಟ್ರೋಜೆನ್ ಎಂಬ ಇನ್ನೊಂದು ಹಾರ್ಮೋನು ಮಾತ್ರ ಒಂದೇ ಸಮನೆ ಇಳಿಯುವುದಿಲ್ಲ. ಒಂದು ತಿಂಗಳು ಮೊದಲಿಗಿಂತ ಮೇಲೇರುತ್ತದೆ, ಇನ್ನೊಂದು ತಿಂಗಳು ಪಾತಾಳಕ್ಕಿಳಿಯುತ್ತದೆ. ನೆನಪು, ನಿದ್ದೆ, ಮೈಯ ಕಾವು ನೋಡಿಕೊಳ್ಳುವ ಮೆದುಳಿನ ಭಾಗಗಳೆಲ್ಲ ಈ ಹಾರ್ಮೋನಿಗೆ ಸ್ಪಂದಿಸುವಂಥವು. ಹಾಗಾಗಿ ಅದರ ಏರಿಳಿತ ತಲೆಗೂ ತಟ್ಟುತ್ತದೆ. ಹಾರ್ಮೋನು ಒಂದು ಹದಕ್ಕೆ ಬಂದ ಮೇಲೆ ಹೆಚ್ಚಿನವರಲ್ಲಿ ಮಂಕು ತಿಳಿಯಾಗುತ್ತದೆ.

ಅಲ್ಲಿಯವರೆಗೆ ಸುಮ್ಮನೆ ಕಾಯುತ್ತ ಕೂರಬೇಕಾಗಿಲ್ಲ. ಮಂಕಿಗೆ ಕಾರಣ ಒಂದೇ ಇರುವುದಿಲ್ಲ, ಮೂರ್ನಾಲ್ಕು ಸೇರಿಕೊಂಡಿರುತ್ತವೆ. ಅವನ್ನು ಬಿಡಿಸಿ ನೋಡಲು ಒಂದು ರೂಲ್ಡ್ ನೋಟ್‌ಬುಕ್ ಸಾಕು.

ವಾರಕ್ಕೊಂದು ಪುಟ, ದಿನಕ್ಕೊಂದು ಸಾಲು, ಆರು ಮನೆ. ಮೊದಲನೆಯದು ಮುಟ್ಟು: ರಕ್ತ ಹೋಯಿತೇ, ಎಷ್ಟು ಪ್ಯಾಡ್ ಅಥವಾ ಬಟ್ಟೆ ಬದಲಾಯಿಸಿದಿರಿ. ಎರಡನೆಯದು ನಿದ್ದೆ: ಎಷ್ಟು ತಾಸು, ಎಷ್ಟು ಸಲ ಎಚ್ಚರ. ಮೂರನೆಯದು ಝಳ: ಎದೆ, ಕುತ್ತಿಗೆ, ಮುಖಕ್ಕೆ ಬಿಸಿ ಏರಿ ಬೆವರಿದ್ದು ಎಷ್ಟು ಸಲ. ನಾಲ್ಕನೆಯದು ಮನಸ್ಸು, ಐದನೆಯದು ಮಂಕು. ಈ ಎರಡಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಹಾಕಿ. ಸೊನ್ನೆ ಅಂದರೆ ತೊಂದರೆಯೇ ಇಲ್ಲ, ಐದು ಅಂದರೆ ಬಹಳ ಕಷ್ಟ. ಆರನೆಯ ಮನೆಯ ತಲೆಗೆ "ನನಗೆ" ಅಂತ ಬರೆಯಿರಿ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಓದುಬರಹ ಬಾರದವರು ಗೋಡೆಯ ಕ್ಯಾಲೆಂಡರಿನಲ್ಲಿ ಚುಕ್ಕೆ, ಸೊನ್ನೆ, ಗೀಟು ಹಾಕಿದರೂ ಕೆಲಸ ನಡೆಯುತ್ತದೆ.

ಈ ಬರವಣಿಗೆ ಸಾಮಾನ್ಯವಾಗಿ ಐದಾರು ದಿನಕ್ಕೆ ನಿಂತುಹೋಗುತ್ತದೆ, ರಾತ್ರಿ ಮಲಗುವಾಗ ಬರೆಯೋಣವೆಂದು ಇಟ್ಟುಕೊಳ್ಳುವುದರಿಂದ. ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಕಣ್ಣು ಎಳೆಯುತ್ತಿರುತ್ತದೆ. ಬೆಳಗಿನ ಚಹಾ ಕೈಗೆ ಬಂದಾಗ ಹಿಂದಿನ ದಿನದ್ದನ್ನು ಬರೆಯಿರಿ, ಎರಡು ನಿಮಿಷದ ಕೆಲಸ. ತಪ್ಪಿದ ದಿನವನ್ನು ಊಹೆಯಿಂದ ತುಂಬಬೇಡಿ, ಖಾಲಿ ಬಿಡಿ. ಕಡಿಮೆಯೆಂದರೆ ಎರಡು ತಿಂಗಳು ಬರೆಯಬೇಕು. ಏರಿಳಿತದ ಕಾಲದಲ್ಲಿ ಒಂದು ತಿಂಗಳು ಕಂಡದ್ದು ಮುಂದಿನ ತಿಂಗಳು ಇರದೇ ಹೋಗಬಹುದು.

ಎರಡು ತಿಂಗಳ ಪುಟಗಳನ್ನು ಒಟ್ಟಿಗೆ ನೋಡಿದಾಗ ಏನು ಕಾಣುತ್ತದೆ? ಎರಡು ರಾತ್ರಿ ನಿದ್ದೆ ಕೆಟ್ಟ ಮೇಲೆಯೇ ಮಂಕು ಏರುತ್ತಿದ್ದರೆ ಮೊದಲು ನಿದ್ದೆ ಸರಿಪಡಿಸಬೇಕು. ಮುಟ್ಟು ಏಳು ದಿನಕ್ಕಿಂತ ಹೆಚ್ಚು ಹೋಗಿ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ ರಕ್ತಹೀನತೆಯ ಅನುಮಾನ ಬರಬೇಕು. ಮಂಕು ದಿನವೂ ಒಂದೇ ಥರ ಇದ್ದು, ಜೊತೆಗೆ ಮಲಬದ್ಧತೆ, ಚಳಿ ತಡೆಯದಿರುವುದು, ಕಾಲು ಜೋಮು ಇದ್ದರೆ ಥೈರಾಯ್ಡ್ ತೊಂದರೆ ಅಥವಾ ಬಿ12 ವಿಟಮಿನ್ ಕೊರತೆ ಇರಬಹುದು. "ವಯಸ್ಸಾಯ್ತಲ್ಲ" ಎಂದು ಇವನ್ನು ತಳ್ಳಿಹಾಕುವುದು ನನಗೆ ನಿಜಕ್ಕೂ ಸಂಕಟ ತರುವ ವಿಷಯ. ಇವಕ್ಕೆಲ್ಲ ಔಷಧಿ ಇದೆ. ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್‌ಎಚ್, ಸಕ್ಕರೆ, ಬಿ12 ಪರೀಕ್ಷೆಯ ಬಗ್ಗೆ ಕೇಳಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 45 ದಾಟಿದವರಿಗೆ ಹಾರ್ಮೋನಿನ ರಕ್ತಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ದಿನಕ್ಕೊಂದು ಮಟ್ಟದಲ್ಲಿರುವುದನ್ನು ಒಂದು ದಿನ ಅಳೆದು ಏನು ತಿಳಿದೀತು?

ಥೈರಾಯ್ಡ್ ಮಾತ್ರೆ ಈಗಾಗಲೇ ನುಂಗುತ್ತಿರುವವರಿಗೆ ಒಂದು ಮಾತು. ಅದನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತೆಗೆದುಕೊಳ್ಳಿ, ಚಹಾ ಕಾಫಿ ಅರ್ಧದಿಂದ ಒಂದು ತಾಸಿನ ಮೇಲೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ತಾಸು ಅಂತರ ಇರಲಿ. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಈಗ ನಿದ್ದೆ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಏಪ್ರಿಲ್ ತಿಂಗಳು ಹೇಗಿರುತ್ತದೆಂದು ನಿಮಗೇ ಗೊತ್ತು. ಹಗಲೆಲ್ಲ ಕಾದ ಆರ್‌ಸಿಸಿ ಸೂರು ರಾತ್ರಿ ಆ ಶಾಖವನ್ನು ಕೆಳಗೆ ಬಿಡುತ್ತದೆ. ಈ ವಯಸ್ಸಿನಲ್ಲಿ ಮೈ ತಡೆದುಕೊಳ್ಳುವ ಕಾವಿನ ಅಂತರ ಬಹಳ ಕಿರಿದಾಗಿರುತ್ತದೆ. ಸ್ವಲ್ಪ ಬಿಸಿ ಹೆಚ್ಚಿದರೂ ಮೈ ಬೆವರಿ ಎಚ್ಚರವಾಗುತ್ತದೆ. ತೆಳು ಹತ್ತಿಯ ಬಟ್ಟೆ, ಹಾಸಿಗೆಯ ಪಕ್ಕ ಒಂದು ತಂಬಿಗೆ ನೀರು, ಕುತ್ತಿಗೆ ಒರೆಸಿಕೊಳ್ಳಲು ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಮಧ್ಯಾಹ್ನ ಎರಡರ ಮೇಲೆ ಚಹಾ ಕಾಫಿ ಬೇಡ. ಸಂಜೆಯ ಮಿರ್ಚಿ ಮಂಡಕ್ಕಿ ಬಿಟ್ಟೇ ಬಿಡಬೇಕೆಂದು ನಾನು ಹೇಳುವುದಿಲ್ಲ, ತಿಂದ ರಾತ್ರಿ ಝಳ ಹೆಚ್ಚಿತೇ ಎಂದು ನೋಟ್‌ಬುಕ್ಕೇ ಹೇಳುತ್ತದೆ. ಮೂರು ಗಂಟೆಗೆ ಎಚ್ಚರವಾಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತಿರಿ, ತೂಕಡಿಕೆ ಬಂದಾಗ ಮಲಗಿ. ಮೊಬೈಲ್ ಮುಟ್ಟಬೇಡಿ. ಎಷ್ಟೇ ತಡವಾಗಿ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ.

ಊಟದಲ್ಲಿ ರಾಗಿ ನಮ್ಮ ಭಾಗ್ಯ, ನೂರು ಗ್ರಾಂ ಹಿಟ್ಟಿನಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ. ಕೊರತೆ ಬೀಳುವುದು ಪ್ರೋಟೀನಿಗೆ. ಎಲ್ಲರೂ ಉಂಡ ಮೇಲೆ ಕೂತವಳ ತಟ್ಟೆಗೆ ಕಾಳು ಉಳಿದಿರುವುದಿಲ್ಲ, ಸಾರಿನ ತಿಳಿ ಮಾತ್ರ ಬರುತ್ತದೆ. ಬಡಿಸುವ ಮೊದಲೇ ನಿಮ್ಮ ಪಾಲಿನ ಒಂದು ಬಟ್ಟಲು ಕಾಳು ಎತ್ತಿಡಿ. ದಿನಕ್ಕೊಂದು ಹಿಡಿ ಶೇಂಗಾ, ತಿನ್ನುವವರು ಒಂದು ಮೊಟ್ಟೆ ಸೇರಿಸಿಕೊಳ್ಳಿ.

ಇನ್ನು ಆ ಆರನೆಯ ಮನೆ. ಯಾರೂ ಕೇಳದೆ, ಯಾರಿಗಾಗಿಯೂ ಅಲ್ಲದೆ ನಿಮಗಾಗಿ ಮಾಡಿದ್ದನ್ನು ಅಲ್ಲಿ ಬರೆಯಿರಿ. ಮೊದಲ ಎರಡು ವಾರ ಅದು ಖಾಲಿಯೇ ಇರಬಹುದು. ಅತ್ತೆಯ ಬಿಪಿ ಮಾತ್ರೆಯ ಹೊತ್ತು, ಮಗನ ಪರೀಕ್ಷೆಯ ದಿನ ನಿದ್ದೆಗಣ್ಣಿನಲ್ಲೂ ಹೇಳುವವರಿಗೆ ತಮ್ಮ ಹಿಂದಿನ ಮುಟ್ಟಿನ ತಾರೀಖು ಹೇಳಲು ಹೊತ್ತು ಹಿಡಿಯುತ್ತದೆ. ಅಷ್ಟು ವರ್ಷ ನಿಮ್ಮ ಕಡೆ ನೀವೇ ನೋಡಿಕೊಂಡಿರುವುದಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷದಿಂದ ಶುರು ಮಾಡಿ. ಪೇಟೆಯವರು ದಾವಣಗೆರೆಯ ಕುಂದುವಾಡ ಕೆರೆಯ ಕಡೆಗೋ ಚಿತ್ರದುರ್ಗದ ಚಂದ್ರವಳ್ಳಿಯ ಕಡೆಗೋ ಬೆಳಿಗ್ಗೆ ನಡೆಯಬಹುದು. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ಸುಧಾರಿಸಿಕೊಂಡು ಇನ್ನೊಮ್ಮೆ ಹತ್ತು. ಹಗಲೆಲ್ಲ ಬಗ್ಗಿ ಮೆಕ್ಕೆಜೋಳ ಮುರಿಯುವವರಿಗೆ ಮತ್ತೆ ನಡಿಗೆಯ ಮಾತು ಹೇಳುವುದು ನ್ಯಾಯವಲ್ಲ, ಅವರಿಗೆ ಆ ಇಪ್ಪತ್ತು ನಿಮಿಷ ಬೆನ್ನು ನೆಲಕ್ಕೆ ಹಚ್ಚಿ ಮಲಗುವುದೇ ಆಗಬೇಕು. ಬಿಟ್ಟುಹೋದ ಕಸೂತಿ, ಹಾಡು, ಓದು ಯಾವುದಾದರೂ ಆದೀತು. ಒಂದೇ ಷರತ್ತು: ಆ ಹೊತ್ತಿನಲ್ಲಿ ಇನ್ನೊಂದು ಕೆಲಸ ಸೇರಿಸಬಾರದು.

ಝಳ ತಡೆಯಲಾರದಷ್ಟಿದ್ದರೆ ಹಾರ್ಮೋನ್ ಚಿಕಿತ್ಸೆ ಇದೆ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟಿದ ತೊಂದರೆ ಇದ್ದವರಿಗೆ ಅದು ಸಾಮಾನ್ಯವಾಗಿ ಆಗಿಬರುವುದಿಲ್ಲ, ಹಾಗಾಗಿ ವೈದ್ಯರನ್ನು ಕೇಳದೆ ಬೇಡ. ಗರ್ಭಕೋಶ ತೆಗೆಸಿಕೊಂಡವರು ಡಿಸ್ಚಾರ್ಜ್ ಚೀಟಿ ಹುಡುಕಿ, ಅಂಡಾಶಯವನ್ನೂ ತೆಗೆದಿದ್ದಾರೆಯೇ ಎಂದು ಓದಿಸಿಕೊಳ್ಳಿ. ತೆಗೆದಿದ್ದರೆ ವರ್ಷಗಳಲ್ಲಿ ಆಗುವ ಬದಲಾವಣೆ ಒಮ್ಮೆಲೇ ಆಗಿರುತ್ತದೆ. 45ಕ್ಕೆ ಮೊದಲೇ ಹಾಗಾಗಿದ್ದರೆ ಎಲುಬು, ಹೃದಯದ ದೃಷ್ಟಿಯಿಂದಲೂ ವೈದ್ಯರನ್ನು ಕಾಣಲೇಬೇಕು.

ಎರಡು ವಾರವಾದರೂ ಯಾವುದೂ ಬೇಡವೆನಿಸುತ್ತಿದ್ದರೆ, ಅಥವಾ ಬದುಕೇ ಸಾಕೆನಿಸಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ. ಹಗಲುರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ.

ತಾಸಿಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದೇ ಒಂದು ಕಲೆ ಕಂಡರೂ "ಮತ್ತೆ ಮುಟ್ಟಾಯಿತು" ಎಂದುಕೊಳ್ಳಬೇಡಿ. ಗರ್ಭಕೋಶದ ಕ್ಯಾನ್ಸರ್ ಮೊದಲು ತೋರಿಸಿಕೊಳ್ಳುವುದು ಹೀಗೆಯೇ, ಬೇಗ ಗೊತ್ತಾದರೆ ಗುಣವಾಗುವಂಥದ್ದು. ಆ ವಾರದಲ್ಲೇ ತೋರಿಸಿ, ನೋಟ್‌ಬುಕ್ ಜೊತೆಗೆ ಒಯ್ಯಿರಿ.

ನಮಸ್ಕಾರ.