ಕೆ.ಜಿ. ಲೆಕ್ಕದಲ್ಲಿ ಕೋಳಿ ಒಡ್ಡಿ

ಈ ವಿಡಿಯೊದಲ್ಲಿ ಮೊದಲು ನಮ್ಮ ಹಳೆಯ ಒಡ್ಡಿಯನ್ನು, ಅಂದರೆ ಕೋಳಿಗೂಡನ್ನು, ತೋರಿಸಿಬಿಡುತ್ತೇನೆ, ಆಮೇಲೆ ಹೊಸದು. ಅಡಿಕೆ ದಬ್ಬೆಯ ಗೋಡೆ, ಆರು ಮೂಲೆಯ ಕಣ್ಣುಗಳಿರುವ ಕೋಳಿ ಜಾಲರಿ, ಮೇಲೊಂದು ತಗಡು. ಈ ಮೂಲೆಯಲ್ಲಿ ಜಾಲರಿ ಹೇಗೆ ಕಿತ್ತು ಬಂದಿದೆ ನೋಡಿ. ಇದು ನಾಯಿಯ ಕೆಲಸ. ಈ ಜಾಲರಿಯ ತಂತಿಗಳನ್ನು ಬೆಸೆದಿರುವುದಿಲ್ಲ, ಸುಮ್ಮನೆ ಹೊಸೆದಿರುತ್ತಾರೆ. ಒಂದು ಕಡೆ ಹಲ್ಲು ಸಿಕ್ಕಿದರೆ ಉಳಿದದ್ದು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಕೋಳಿ ಹೊರಗೆ ಹೋಗದಂತೆ ತಡೆಯಲು ಇದು ಧಾರಾಳವಾಗಿ ಸಾಕು. ಹೊರಗಿನವರಿಗೆ ಇದು ಲೆಕ್ಕವೇ ಅಲ್ಲ.

ಹೊರಗಿನವರೆಂದರೆ ಯಾರು? ನಮ್ಮ ತೀರ್ಥಹಳ್ಳಿಯ ಕಡೆ ಅವರು ಪಾಳಿಯ ಮೇಲೆ ಬರುತ್ತಾರೆ. ಹಗಲು ಪಾಳಿ ಮುಂಗುಸಿ ಮತ್ತು ಹದ್ದಿನದು. ಕತ್ತಲಾದ ಮೇಲೆ ಕಬ್ಬೆಕ್ಕು, ಕಾಡುಬೆಕ್ಕು, ನರಿ. ಆಗಾಗ ಹೆಬ್ಬಾವು. ಊರ ನಾಯಿಗಳಿಗೆ ಪಾಳಿಯೇ ಇಲ್ಲ. ವಿಷವಿಡಿ, ಉರುಳು ಹಾಕಿ ಎಂದು ಸಲಹೆ ಕೊಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಮುಂಗುಸಿ, ಕಬ್ಬೆಕ್ಕು, ಹೆಬ್ಬಾವು ಎಲ್ಲವಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಾಯ್ದೆ ಇಲ್ಲದಿದ್ದರೂ ನಾನು ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಕಾಡಿನ ಪಕ್ಕದಲ್ಲಿ ಮನೆ ಮಾಡಿಕೊಂಡು ಕಾಡಿನವರು ಬಂದರು ಎಂದು ದೂರುವುದರಲ್ಲಿ ಅರ್ಥವಿಲ್ಲ. ಗಟ್ಟಿ ಬೇಲಿ ಕಟ್ಟಿಕೊಳ್ಳಬೇಕು, ಅಷ್ಟೇ.

ಈಗ ಆಳಿನ ವಿಷಯಕ್ಕೆ ಬರುತ್ತೇನೆ. ಕೋಳಿ ಒಡ್ಡಿ ಎಂದೊಡನೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ನಗು ಬರುತ್ತದೆ. ಗೇಟು, ಕಿಟಕಿ, ಮಹಡಿ ಮೆಟ್ಟಿಲು ಮಾಡುವವರಿಗೆ ಇದು ಅರ್ಧ ದಿನದ ಕೆಲಸ. ನಕ್ಕು ಮುಗಿದ ಮೇಲೆ ದರ ಹೇಳುತ್ತಾರೆ. ಒಬ್ಬರು ಕೆ.ಜಿ. ಲೆಕ್ಕ, ಇನ್ನೊಬ್ಬರು ಚದರ ಅಡಿ ಲೆಕ್ಕ. ಎಷ್ಟು ಎಂದು ಹೇಳುವುದಿಲ್ಲ, ನೀವು ನೋಡುವ ಹೊತ್ತಿಗೆ ಕಬ್ಬಿಣದ ಬೆಲೆ ಬೇರೆ ಇರುತ್ತದೆ. ಆದರೆ ಲೆಕ್ಕದ ಬಗೆಯನ್ನು ಗಮನಿಸಿ. ಕೆ.ಜಿ. ಲೆಕ್ಕದವರು ಪೈಪನ್ನು ದಪ್ಪಗೆ ಹಾಕುತ್ತಾರೆ, ಏಕೆಂದರೆ ತೂಕ ಇರುವುದು ಅಲ್ಲಿ. ಆನೆಯನ್ನು ಕಟ್ಟಬಹುದಾದ ಚೌಕಟ್ಟಿಗೆ ಇಲಿ ನುಗ್ಗುವ ಜಾಲರಿ! ಚದರ ಅಡಿಯವರು ಕಣ್ಣಿಗೆ ಕಾಣುವ ಗೋಡೆಯನ್ನು ಅಳೆಯುತ್ತಾರೆ. ಮಣ್ಣಿನೊಳಗೆ ಹೋಗುವ ಭಾಗ ಅವರ ಟೇಪಿಗೆ ಸಿಗುವುದೇ ಇಲ್ಲ. ಕೋಳಿಯನ್ನು ಉಳಿಸುವುದು ಈ ಎರಡೂ ಲೆಕ್ಕಕ್ಕೆ ಬಾರದ ಭಾಗ.

ಹಾಗಾಗಿ ನಾನು ದರ ಕೇಳುವುದನ್ನು ಬಿಟ್ಟು, ಒಡ್ಡಿ ಹೇಗಿರಬೇಕು ಎಂದು ಒಂದು ಕಾಗದದಲ್ಲಿ ಬರೆದೆ. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ, ನಿಜ. ಒಡ್ಡಿಯ ಅಳತೆಯನ್ನು ಮಾತ್ರ ಕಬ್ಬೆಕ್ಕನ್ನು ಕೇಳಿಯೇ ಹಾಕಬೇಕು. ಜಾಲರಿ ಬೆಸುಗೆಯದಾಗಿರಬೇಕು, ಕಣ್ಣು ಅರ್ಧ ಇಂಚು, ತಂತಿ 19 ಗೇಜ್. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳುವಾಗುತ್ತದೆ. 24 ಗೇಜನ್ನು ‘ಇನ್ನೂ ಒಳ್ಳೆಯದು’ ಎಂದು ಅಂಗಡಿಯಲ್ಲಿ ಕೊಟ್ಟರೆ ವಾಪಸು ಕೊಡಿ. 19 ಗೇಜ್ ತಂತಿ ಸುಮಾರು ಒಂದು ಮಿಲಿಮೀಟರ್ ದಪ್ಪ, 24 ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಕಣ್ಣು ಸಣ್ಣದಿರಬೇಕು ಎನ್ನುವುದು ಇಲಿಗಾಗಿ ಮಾತ್ರವಲ್ಲ. ದೊಡ್ಡ ಕಣ್ಣಿನೊಳಗೆ ಕೈ ತೂರಿಸಿ, ಗೋಡೆಗೆ ಒರಗಿ ಮಲಗಿದ ಕೋಳಿಯ ಕತ್ತನ್ನೇ ಹಿಡಿದೆಳೆಯುವವರಿದ್ದಾರೆ. ಬೆಳಿಗ್ಗೆ ನೋಡಿದರೆ ಬೀಗ ಭದ್ರ, ಕೋಳಿಗೆ ತಲೆಯಿಲ್ಲ.

ಕೊನೆಗೆ ಒಪ್ಪಿದವರು ಹೊಸನಗರದ ಕಡೆಯ ಒಬ್ಬ ವೆಲ್ಡರ್. ನಗದೆ ಕಾಗದವನ್ನು ಪೂರ್ತಿ ಓದಿ, ಒಂದು ವಿಷಯದಲ್ಲಿ ನೇರವಾಗಿ ತಕರಾರು ತೆಗೆದರು. ಜಾಲರಿಯನ್ನು ಪೈಪಿಗೆ ಬೆಸೆಯುವುದಿಲ್ಲ ಎಂದರು. ತೆಳುವಾದ ತಂತಿಗೆ ಬೆಸುಗೆ ತಾಗಿದರೆ ಸತುವಿನ ಲೇಪ ಸುಟ್ಟುಹೋಗುತ್ತದೆ, ಎರಡನೇ ಮಳೆಗಾಲಕ್ಕೆ ಅದೇ ಜಾಗದಿಂದ ತುಕ್ಕು ಶುರುವಾಗುತ್ತದೆ. ಕಟ್ಟುತಂತಿ ಸುತ್ತುವುದೂ ಬೇಡ, ಅದಂತೂ ಇನ್ನೂ ಬೇಗ ಕರಗುತ್ತದೆ. ಜಾಲರಿಯ ಮೇಲೆ ಕಬ್ಬಿಣದ ಪಟ್ಟಿ ಇಟ್ಟು, ಗೇಣಿಗೊಂದರಂತೆ ಸ್ಕ್ರೂ ಹಾಕಿ ಬಿಗಿಯೋಣ ಎಂದರು. ಈಗ ಹತ್ತಿರದಿಂದ ತೋರಿಸುತ್ತಿರುವುದು ಅದನ್ನೇ. ಆಗುಂಬೆಯಿಂದ ಇಷ್ಟು ಹತ್ತಿರ ಇದ್ದುಕೊಂಡು ತುಕ್ಕಿನ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಕಾಗದದಲ್ಲಿ ಆ ಸಾಲನ್ನು ಅವರೇ ತಿದ್ದಿದರು.

ನೆಲದ ಕೆಲಸ ಇಲ್ಲಿದೆ. ಗೋಡೆಯ ಬುಡದಿಂದ ಜಾಲರಿಯನ್ನು ಲಂಗದ ಅಂಚಿನ ಹಾಗೆ ಹೊರಕ್ಕೆ ಹರಡಿದ್ದೇವೆ, ಎರಡು ಅಡಿ ಅಗಲ. ಅದರ ಮೇಲೆ ಜಂಬಿಟ್ಟಿಗೆ ಹೇರಿದ್ದೇವೆ. ಆಳಕ್ಕೆ ಗುಂಡಿ ತೋಡಿ ನೇರವಾಗಿ ಹುಗಿಯಬಹುದಿತ್ತು, ಆದರೆ ಈ ನೆಲದಲ್ಲಿ ಒಂದು ಅಡಿ ಇಳಿಯುವುದರೊಳಗೆ ಗುದ್ದಲಿಯೇ ಬಾಗುತ್ತದೆ. ಹರಡುವುದರಲ್ಲಿ ಇನ್ನೊಂದು ಅನುಕೂಲವೂ ಇದೆ. ನರಿಯಾಗಲಿ ನಾಯಿಯಾಗಲಿ ಗೋಡೆಗೆ ಮೂಗು ತಾಗಿಸಿ ಬುಡದಲ್ಲೇ ಕೆರೆಯುತ್ತದೆ. ಉಗುರಿಗೆ ತಂತಿ ಸಿಕ್ಕಿತೆಂದು ಎರಡು ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡುವ ಬುದ್ಧಿ ಸಾಮಾನ್ಯವಾಗಿ ಅದಕ್ಕೆ ಹೊಳೆಯುವುದಿಲ್ಲ. ಜಾಲರಿಯನ್ನು ತುಕ್ಕು ತಿಂದರೆ ಕಲ್ಲೆತ್ತಿ ಬದಲಾಯಿಸುವುದೂ ಸುಲಭ.

ಬಾಗಿಲಿಗೆ ಎರಡು ಚಿಲಕ, ಕೆಳಗೆ ಕಲ್ಲಿನ ಹೊಸ್ತಿಲು. ಮೇಲೆ ಚಾಚಿದ್ದ ಹಲಸಿನ ಕೊಂಬೆಯನ್ನು ಕಡಿಸಿದೆ. ಮನೆಯಲ್ಲಿ ಅದಕ್ಕೊಂದು ಜಗಳವಾಯಿತು, ಅದು ಈ ವಿಡಿಯೊದಲ್ಲಿ ಬೇಡ.

ಹಣದ ಕೊನೆಯ ಕಂತನ್ನು ಪರೀಕ್ಷೆಯ ನಂತರ ಕೊಡುತ್ತೇನೆ ಎಂದು ಕಾಗದದಲ್ಲಿ ಬರೆದಿದ್ದೆ. ಪರೀಕ್ಷೆ ಬಹಳ ಸರಳ. ಕತ್ತಲಾದ ಮೇಲೆ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗೆ ಸುತ್ತು ಬರಬೇಕು. ಜಾಲರಿಯ ಸಣ್ಣ ಚೌಕಗಳಲ್ಲದೆ ಬೇರೆಲ್ಲಿ ಬೆಳಕು ಸೋರುತ್ತದೆಯೋ ಅಲ್ಲಿ ದಾರಿ ಇದೆ ಎಂದರ್ಥ. ವೆಲ್ಡರ್ ಒಳಗೆ ಕೂತರು, ನಾನು ಹೊರಗೆ. ನೋಡಿ, ತಗಡು ಗೋಡೆಯ ಪೈಪಿನ ಮೇಲೆ ಕೂರುವ ಕಡೆ, ಪ್ರತಿ ಅಲೆಯ ಕೆಳಗೂ ಒಂದೊಂದು ಅರ್ಧಚಂದ್ರ ಬೆಳಕು! ಸಾಲಾಗಿ, ಈ ತುದಿಯಿಂದ ಆ ತುದಿಯವರೆಗೆ. ಇಲಿಗೆ, ಹಾವಿಗೆ ಇಷ್ಟು ಸಾಕು. ಅವರೂ ಒಳಗಿನಿಂದ ತಲೆಯೆತ್ತಿ ನೋಡಿ, ಇದು ಗೇಟಿನ ಕೆಲಸದಲ್ಲಿ ಯಾವತ್ತೂ ಬರುವುದಿಲ್ಲ ಎಂದರು. ಮರುದಿನ ಉಳಿದ ಜಾಲರಿಯನ್ನು ಪಟ್ಟಿಗಳಾಗಿ ಕತ್ತರಿಸಿ ಆ ಸಂದುಗಳನ್ನೆಲ್ಲ ಮುಚ್ಚಿದರು. ಗಾಳಿಯಾಡಲು ತೊಂದರೆ ಇಲ್ಲ.

ಒಳಗಿರುವವು ಗಿರಿರಾಜ ಕೋಳಿಗಳು, ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ತಳಿ. ಮೈ ಭಾರ, ಮರ ಹತ್ತಿ ತಪ್ಪಿಸಿಕೊಳ್ಳುವುದು ನಾಟಿ ಕೋಳಿಯಷ್ಟು ಸಲೀಸಲ್ಲ. ಹೊಸ ಒಡ್ಡಿಯನ್ನು ಅವು ಮೊದಲ ದಿನ ಅನುಮಾನದಿಂದಲೇ ನೋಡಿದವು, ಸಂಜೆ ಹೆಡಿಗೆಯಲ್ಲಿ ಹೊತ್ತು ಒಳಗೆ ಬಿಡಬೇಕಾಯಿತು.

ವೆಲ್ಡರ್ ನನ್ನ ಕಾಗದದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿದ್ದಾರೆ. ಈಗ ಕೋಳಿ ಒಡ್ಡಿ ಕೇಳಿ ಬಂದವರಿಗೆ ಅದನ್ನು ತೋರಿಸುತ್ತಾರಂತೆ. ನೆಲದ ಜಾಲರಿಗೆ, ತಗಡಿನ ಸಂದಿಗೆ ಬೇರೆ ಬೇರೆ ದರ. ಚೌಕಟ್ಟು ಮಾತ್ರ ಇನ್ನೂ ಕೆ.ಜಿ. ಲೆಕ್ಕವೇ.