ಏಳು ಗಂಟೆ ಲೇಓವರ್ ಇದ್ದರೆ ದೇವನಹಳ್ಳಿ ಕಡೆ ತಿರುಗಿ

ನಮಸ್ಕಾರ ಎಲ್ಲರಿಗೂ. ಹೋದ ಸಂಚಿಕೆಯ ಕೆಳಗೆ ಒಬ್ಬರು ಒಂದು ಕಾಮೆಂಟ್ ಹಾಕಿದ್ದಾರೆ. ಓದುತ್ತೇನೆ, ಕೇಳಿ. "ದೆಹಲಿಯಿಂದ ಹುಬ್ಬಳ್ಳಿಗೆ ಬರುವಾಗ ಬೆಂಗಳೂರಲ್ಲಿ ಏಳು ಗಂಟೆ ಲೇಓವರ್ ಸಿಕ್ತು. ಏರ್‌ಪೋರ್ಟ್ ಹತ್ತಿರ ನೋಡೋಕೆ ಏನೂ ಇಲ್ಲ. ಲೌಂಜ್‌ನಲ್ಲಿ ಮಲಗಿ ಎದ್ದೆ." ಲೇಓವರ್ ಅಂದರೆ ಎರಡು ವಿಮಾನಗಳ ನಡುವೆ ಕಾಯುವ ಸಮಯ. ಈ ಕಾಮೆಂಟಿಗೆ ಲೈಕ್ ಬೇರೆ ಬಿದ್ದಿವೆ. ಕೆಳಗೆ ಇನ್ನೊಬ್ಬರು "ನಿಜ ಸಾರ್, ಊರೊಳಗೆ ಹೋಗಿ ಬರೋಕೆ ಟ್ರಾಫಿಕ್ ಬಿಡಲ್ಲ" ಅಂತ ಬರೆದಿದ್ದಾರೆ.

ಇವತ್ತು ಬೇರೆ ವಿಷಯ ಬರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟೆ. ಇದಕ್ಕೆ ಉತ್ತರ ಕೊಡದೆ ಇರಲು ನನ್ನಿಂದ ಆಗಲಿಲ್ಲ.

ಏರ್‌ಪೋರ್ಟ್ ಹತ್ತಿರ ಏನೂ ಇಲ್ಲವಾ? ಆ ಏರ್‌ಪೋರ್ಟ್ ಇರುವುದು ಯಾವ ಊರಲ್ಲಿ? ದೇವನಹಳ್ಳಿಯಲ್ಲಿ! 2008ರ ಮೇ ತಿಂಗಳಲ್ಲಿ ಶುರುವಾದಾಗ ಎಲ್ಲರೂ ಅದನ್ನು ದೇವನಹಳ್ಳಿ ಏರ್‌ಪೋರ್ಟ್ ಅಂತಲೇ ಕರೆಯುತ್ತಿದ್ದರು. ಈಗ ಆ ಊರನ್ನೇ ಮರೆತಿದ್ದೇವೆ. ಏರ್‌ಪೋರ್ಟಿನಿಂದ ಹೊರಗೆ ಬಂದರೆ ಹೆದ್ದಾರಿ ಸಿಗುತ್ತದೆ. ದಕ್ಷಿಣಕ್ಕೆ ಹೋದರೆ ಹೆಬ್ಬಾಳ, ಬೆಂಗಳೂರು. ಉತ್ತರಕ್ಕೆ ಹೋದರೆ ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರ. ಲೇಓವರ್ ಅಂದ ಕೂಡಲೇ ಎಲ್ಲರ ತಲೆ ದಕ್ಷಿಣಕ್ಕೆ ತಿರುಗುತ್ತದೆ. ಲಾಲ್‌ಬಾಗು, ವಿಧಾನಸೌಧ, ಎಂ.ಜಿ. ರಸ್ತೆ. ಆಮೇಲೆ ಹೆಬ್ಬಾಳದ ಫ್ಲೈಓವರ್ ನೆನಪಾಗಿ ಲೌಂಜ್‌ನಲ್ಲೇ ಕೂರುತ್ತಾರೆ. ನಾನು ಹೇಳುವುದು ಒಂದೇ ಮಾತು. ಉತ್ತರಕ್ಕೆ ತಿರುಗಿ. ಬೆಂಗಳೂರಿನ ಕಡೆ ಹೋಗಬೇಡಿ, ದೇವನಹಳ್ಳಿ ಕಡೆ ಹೋಗಿ.

ಕೋಟೆಯಿಂದ ಶುರು ಮಾಡುತ್ತೇನೆ. ಟರ್ಮಿನಲ್‌ನಿಂದ ಕಾರಿನಲ್ಲಿ ಇಪ್ಪತ್ತು, ಇಪ್ಪತ್ತೈದು ನಿಮಿಷ. 1501ರಲ್ಲಿ ಮಲ್ಲಬೈರೇಗೌಡ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. 1749ರಲ್ಲಿ ಮೈಸೂರಿನ ಸೇನೆ ಮುತ್ತಿಗೆ ಹಾಕಿತು. ಆ ಮುತ್ತಿಗೆಯಲ್ಲೇ ಹೈದರಾಲಿ ಎಂಬ ಸೈನಿಕ ಮೊದಲ ಸಲ ದೊಡ್ಡವರ ಕಣ್ಣಿಗೆ ಬಿದ್ದದ್ದು. ಮುಂದೆ ಅವನ ಕಾಲದಲ್ಲಿ, ಅವನ ಮಗನ ಕಾಲದಲ್ಲಿ ಮಣ್ಣಿನ ಕೋಟೆ ಕಲ್ಲಿನ ಕೋಟೆಯಾಯಿತು. ಆ ಮಗ, ಟಿಪ್ಪು, 1750ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಕೋಟೆಯ ಪಕ್ಕದಲ್ಲೇ ಆ ಜಾಗ ಇದೆ. ಕಲ್ಲಿನ ಕಂಬಗಳ ಒಂದು ಸಣ್ಣ ಮಂಟಪ, ಒಂದು ಫಲಕ, ಅಷ್ಟೇ. 1791ರಲ್ಲಿ ಬ್ರಿಟಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಈ ಕೋಟೆ ಹಿಡಿದ. ಅದೇ ವರ್ಷ ಅವನ ಸೇನೆ ನಂದಿದುರ್ಗವನ್ನೂ, ಅಂದರೆ ನಂದಿ ಬೆಟ್ಟದ ಕೋಟೆಯನ್ನೂ ಹತ್ತಿತು. ಶಾಲೆಯಲ್ಲಿ ಮೂರನೇ ಮೈಸೂರು ಯುದ್ಧ ಅಂತ ಬಾಯಿಪಾಠ ಮಾಡಿದೆವಲ್ಲ, ಅದರ ಎರಡು ಮುಖ್ಯ ಜಾಗಗಳು ನಿಮ್ಮ ಬೋರ್ಡಿಂಗ್ ಗೇಟಿನಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿವೆ. ಇದಕ್ಕೆ "ಏನೂ ಇಲ್ಲ" ಅನ್ನುತ್ತೀರಾ?

ಈ ಕೋಟೆಯಲ್ಲಿ ನನಗೆ ತುಂಬಾ ಇಷ್ಟದ ವಿಷಯ ಅಂದರೆ ಒಳಗೆ ಇನ್ನೂ ಜನ ಇದ್ದಾರೆ. ಬೀದಿ ಇದೆ, ಮನೆ ಇದೆ, ಮನೆ ಮುಂದೆ ರಂಗೋಲಿ ಇದೆ. ವೇಣುಗೋಪಾಲಸ್ವಾಮಿ ದೇವಸ್ಥಾನ ಇದೆ. ಆ ದೇವಸ್ಥಾನದ ಹೊರಗೋಡೆಯ ಮೇಲೆ ಕೆತ್ತನೆ ಸಾಲು ಸಾಲಾಗಿದೆ, ನಿಧಾನವಾಗಿ ಸುತ್ತು ಹಾಕಿ ನೋಡಿ. ಬುರುಜಿನ ಮೇಲೆ ಹತ್ತಿದರೆ ಒಂದು ಕಡೆ ಹಳೇ ಊರು, ಇನ್ನೊಂದು ಕಡೆ ಬಯಲು. ಒಂದು ಗಂಟೆ ಸಾಕು. ಒಂದೇ ಗಂಟೆ!

ಚಕ್ಕೋತದ ಮಾತು ಇಲ್ಲೇ ಹೇಳಿಬಿಡುತ್ತೇನೆ. ದೇವನಹಳ್ಳಿ ಚಕ್ಕೋತಕ್ಕೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ವಿಶೇಷ ಬೆಳೆ ಅನ್ನುವ ಅಧಿಕೃತ ಗುರುತು, ಇದೆ. ಏರ್‌ಪೋರ್ಟ್ ಬಂತು, ಲೇಔಟ್ ಬಂತು, ತೋಟಗಳು ಹೋದವು. ಉಳಿದಿರುವುದು ಸ್ವಲ್ಪ. ಸೀಸನ್‌ನಲ್ಲಿ ರಸ್ತೆ ಬದಿ ಕಾಣಿಸಿದರೆ ಗಾಡಿ ನಿಲ್ಲಿಸಿ ಒಂದು ಹಣ್ಣು ತೆಗೆದುಕೊಳ್ಳಿ. ಬೆಳೆಯುವವರಿಗೆ ಬೆಲೆ ಸಿಕ್ಕರೆ ಗಿಡ ಉಳಿಯುತ್ತದೆ. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಜಮೀನು ಕೊಡುವುದಿಲ್ಲ ಅಂತ ವರ್ಷಗಟ್ಟಲೆ ಧರಣಿ ಕೂತರು. ಕೊನೆಗೆ 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಭೂಸ್ವಾಧೀನ ಕೈಬಿಟ್ಟಿತು. ನೀವು ಇಳಿಯುವ ರನ್‌ವೇಯ ಅಕ್ಕಪಕ್ಕದ ಕಥೆ ಇದು. ಕಿಟಕಿಯಿಂದ ನೋಡಿದರೆ ಬರೀ ಹಸಿರು ಚೌಕಗಳ ಹಾಗೆ ಕಾಣುತ್ತದೆ. ಅಲ್ಲಿ ರಾಗಿ, ದ್ರಾಕ್ಷಿ, ರೇಷ್ಮೆ, ಹೂವು ಬೆಳೆಯುವ ಮನುಷ್ಯರು ಇದ್ದಾರೆ.

ಈಗ ಉತ್ತರಕ್ಕೆ ಇನ್ನೂ ಸ್ವಲ್ಪ ಮುಂದೆ ಬನ್ನಿ. ನಂದಿ ಬೆಟ್ಟ ಅಂದರೆ ಎಲ್ಲರಿಗೂ ಗೊತ್ತು. ಬೆಳಗಿನ ಜಾವ ಸೂರ್ಯೋದಯ, ಮಂಜು, ಸೆಲ್ಫಿ, ಶನಿವಾರ ಭಾನುವಾರ ಚೆಕ್‌ಪೋಸ್ಟ್ ಮುಂದೆ ಉದ್ದ ಸಾಲು. ಕೈಯಲ್ಲಿ ವಿಮಾನದ ಟಿಕೆಟ್ ಹಿಡಿದುಕೊಂಡು ಆ ಸಾಲಿನಲ್ಲಿ ನಿಲ್ಲಬೇಡಿ ಅಂತ ನಾನೇ ಹೇಳುತ್ತೇನೆ. ಬೆಟ್ಟದ ಬುಡದಲ್ಲಿ ನಂದಿ ಗ್ರಾಮ ಇದೆ. ಅಲ್ಲಿ ಭೋಗನಂದೀಶ್ವರ ಇದ್ದಾನೆ. ಎಷ್ಟು ಜನ ಬೆಟ್ಟ ಹತ್ತಿ ಇಳಿದು ಈ ದೇವಸ್ಥಾನ ನೋಡದೆ ವಾಪಸ್ ಬಂದಿದ್ದಾರೆ ಅಂದರೆ, ನನಗೆ ನಿಜವಾಗಲೂ ಹೊಟ್ಟೆ ಉರಿಯುತ್ತದೆ.

ಕ್ರಿ.ಶ. 806ರ ತಾಮ್ರಶಾಸನದಲ್ಲಿ ಈ ದೇವಸ್ಥಾನದ ಮಾತು ಬರುತ್ತದೆ. ರಾಷ್ಟ್ರಕೂಟ ಮೂರನೇ ಗೋವಿಂದನ ಕಾಲ. ಕಟ್ಟಿಸಿದ್ದು ಒಬ್ಬ ಹೆಣ್ಣುಮಗಳು, ಬಾಣ ವಂಶದ ಅರಸ ವಿದ್ಯಾಧರನ ರಾಣಿ ರತ್ನಾವಳಿ. ಸಾವಿರದ ಇನ್ನೂರು ವರ್ಷ ಆಯಿತು. ಆಮೇಲೆ ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಬಂದವರೆಲ್ಲ ಏನಾದರೂ ಒಂದು ಸೇರಿಸಿದರು. ಒಂದು ಪಕ್ಕ ಅರುಣಾಚಲೇಶ್ವರ, ಇನ್ನೊಂದು ಪಕ್ಕ ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ತುದಿಯಲ್ಲಿರುವ ಯೋಗನಂದೀಶ್ವರ ವೈರಾಗ್ಯ ಅಂತ ಜನ ಹೇಳುತ್ತಾರೆ. ಉಮಾಮಹೇಶ್ವರನ ಮುಂದೆ ಕಲ್ಯಾಣಮಂಟಪ ಇದೆ. ಕಪ್ಪು ಕಲ್ಲಿನ ಕಂಬಗಳು, ಅದರಲ್ಲಿ ಶಿವ ಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ, ಅಗ್ನಿ ಮತ್ತು ಸ್ವಾಹಾದೇವಿ. ಬಳ್ಳಿಗಳ ಕೆತ್ತನೆ ಎಷ್ಟು ನಯ ಅಂದರೆ ಕಲ್ಲು ಬೆಣ್ಣೆಯ ಹಾಗೆ ಕಾಣುತ್ತದೆ. ಒಳಗೆ ಶೃಂಗಿತೀರ್ಥ ಅಂತ ಕಲ್ಯಾಣಿ ಇದೆ. ನಾಲ್ಕು ಕಡೆ ಮೆಟ್ಟಿಲು, ಸುತ್ತ ಮಂಟಪ. ನಂದಿ ತನ್ನ ಕೊಂಬಿನಿಂದ ನೆಲ ತಿವಿದಾಗ ನೀರು ಬಂತು, ದಕ್ಷಿಣ ಪಿನಾಕಿನಿ ಹುಟ್ಟಿದ್ದು ಇಲ್ಲೇ ಅಂತ ಅಲ್ಲಿಯ ನಂಬಿಕೆ. ಅಲ್ಲಿ ಸುಮ್ನೆ ಅರ್ಧ ಗಂಟೆ ಕೂತುಕೊಳ್ಳಿ.

ಏರ್‌ಪೋರ್ಟಿನಿಂದ ಅಲ್ಲಿಗೆ ಮೂವತ್ತು ಕಿಲೋಮೀಟರ್ ಆಸುಪಾಸು. ಒಂದು ಗಂಟೆಯೊಳಗೆ ತಲುಪುತ್ತೀರಿ. ಅದಕ್ಕೇ ಹೇಳುವುದು, ಉತ್ತರಕ್ಕೆ ತಿರುಗಿ!

ಸ್ವಲ್ಪ ನೀರು ಕುಡಿಯುತ್ತೇನೆ. ಹಾಗೇ, ಇನ್ನೂ ಚಾನೆಲ್ ಸಬ್‌ಸ್ಕ್ರೈಬ್ ಮಾಡದವರು ಈಗಲೇ ಮಾಡಿ. ಗಂಟೆ ಗುರುತನ್ನೂ ಒತ್ತಿ. ನಮ್ಮ ನಾಡಿನ ಹಳೇ ಜಾಗಗಳ ಬಗ್ಗೆ ಕನ್ನಡದಲ್ಲಿ ಮಾತಾಡುವ ಚಾನೆಲ್‌ಗಳು ಉಳಿಯಬೇಕಾದರೆ ನಿಮ್ಮ ಬೆಂಬಲ ಬೇಕು.

ಸರಿ, ಈಗ ತಕರಾರುಗಳು. ಮೊದಲನೆಯದು, ಟ್ರಾಫಿಕ್. ಯಾವ ಟ್ರಾಫಿಕ್? ಹೆಬ್ಬಾಳದ ಟ್ರಾಫಿಕ್ ದಕ್ಷಿಣಕ್ಕಿದೆ. ನೀವು ಹೋಗುತ್ತಿರುವುದು ಅದಕ್ಕೆ ಬೆನ್ನು ಹಾಕಿ. ವಾರಾಂತ್ಯದ ಮುಂಜಾನೆ ಬಿಟ್ಟರೆ ದಾರಿ ಆರಾಮವಾಗಿರುತ್ತದೆ. ಈ ತಕರಾರು ಇಲ್ಲಿಗೆ ಮುಗಿಯಿತು.

ಎರಡನೆಯದು, ಫ್ಲೈಟ್ ತಪ್ಪಿದರೆ? ಲೆಕ್ಕ ಹಾಕೋಣ. ಬೆಳಗ್ಗೆ ಒಂಬತ್ತಕ್ಕೆ ಇಳಿದಿರಿ, ಮುಂದಿನ ವಿಮಾನ ನಾಲ್ಕಕ್ಕೆ. ಮುಕ್ಕಾಲು ಗಂಟೆಯಲ್ಲಿ ಹೊರಗೆ. ಹತ್ತೂಕಾಲಕ್ಕೆ ಕೋಟೆ. ಹನ್ನೊಂದೂಕಾಲಕ್ಕೆ ಹೊರಟರೆ ಮುಕ್ಕಾಲು ಗಂಟೆಯಲ್ಲಿ ನಂದಿ ಗ್ರಾಮ. ಒಂದು ಗಂಟೆಗೆ ಅಲ್ಲಿಂದ ಹೊರಡಿ. ಹೆದ್ದಾರಿ ಪಕ್ಕದ ಹೋಟೆಲ್‌ನಲ್ಲಿ ಮುದ್ದೆ, ಸೊಪ್ಪಿನ ಸಾರು ಊಟ ಮಾಡಿ. ಎರಡೂವರೆಗೆ ಟರ್ಮಿನಲ್ ಬಾಗಿಲಲ್ಲಿ ಇರುತ್ತೀರಿ. ದೇಶದೊಳಗಿನ ವಿಮಾನಕ್ಕೆ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತದೆ. ಮತ್ತೆ ಸೆಕ್ಯುರಿಟಿ ಚೆಕ್ ಆಗಬೇಕು, ಅದಕ್ಕೂ ಟೈಮ್ ಇದೆ. ಟಿ1 ಆ ಟಿ2 ಆ, ಅಂದರೆ ಒಂದನೇ ಟರ್ಮಿನಲ್ಲಾ ಎರಡನೇದಾ ಅಂತ ಮೊದಲೇ ನೋಡಿಕೊಳ್ಳಿ. ಒಂದು ಮುಖ್ಯ ವಿಷಯ. ಬರೀ ಡ್ರಾಪ್ ಬುಕ್ ಮಾಡಬೇಡಿ. ನಂದಿ ಗ್ರಾಮದಿಂದ ವಾಪಸ್ ಬರುವಾಗ ಕ್ಯಾಬ್ ಸಿಗುವುದು ಕಷ್ಟ. ಗಂಟೆ ಲೆಕ್ಕದ ಪ್ಯಾಕೇಜ್ ತೆಗೆದುಕೊಂಡು, ಡ್ರೈವರಣ್ಣನಿಗೆ ನಿಮ್ಮ ವಿಮಾನದ ಟೈಮ್ ಮೊದಲೇ ಹೇಳಿಬಿಡಿ. ಲೇಓವರ್ ಐದು ಗಂಟೆ ಮಾತ್ರ ಇದೆಯಾ? ಕೋಟೆ ಮಾತ್ರ ನೋಡಿ. ಮೂರು ಗಂಟೆ ಇದೆಯಾ? ಏರ್‌ಪೋರ್ಟ್ ಆವರಣದಲ್ಲೇ 108 ಅಡಿಯ ಕೆಂಪೇಗೌಡರ ಪ್ರತಿಮೆ ಇದೆ, ಅದನ್ನು ನೋಡಿ ಬನ್ನಿ.

ಲಗೇಜ್? ಒಂದೇ ಟಿಕೆಟ್ ಆದರೆ ದೇಶದೊಳಗೆ ಬ್ಯಾಗ್ ಸಾಮಾನ್ಯವಾಗಿ ನೇರವಾಗಿ ಕೊನೇ ಊರಿಗೆ ಹೋಗುತ್ತದೆ. ಬೇರೆ ಬೇರೆ ಟಿಕೆಟ್ ಆದರೆ ಕ್ಯಾಬ್ ಡಿಕ್ಕಿಯಲ್ಲಿ ಇಡಿ. ವಿದೇಶದಿಂದ ಬರುವ ನಮ್ಮ ಕನ್ನಡದವರು ಹೇಗೂ ಇಲ್ಲೇ ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಬೇಕು. ಅವರಂತೂ ಹೊರಗೆ ಬಂದೇ ಬರುತ್ತಾರೆ. ಬೆಳಗಿನ ಜಾವ ಇಳಿದು ಮಧ್ಯಾಹ್ನ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗುವವರು ಭೋಗನಂದೀಶ್ವರನ ಬೆಳಗಿನ ಪೂಜೆ ನೋಡಬಹುದು. ಮಕ್ಕಳು ಜೊತೆಗಿದ್ದರಂತೂ ಬಿಡಲೇಬೇಡಿ.

ಇನ್ನು ಲೌಂಜ್ ಪ್ರಿಯರು. ಕಾರ್ಡ್ ತೋರಿಸಿದರೆ ಊಟ ಸಿಗುತ್ತದೆ ಅಂತ. ಊಟ ಎಲ್ಲಿ ಬೇಕಾದರೂ ಸಿಗುತ್ತದೆ, ಸ್ವಾಮಿ. ಟಿ2 ಚೆನ್ನಾಗಿದೆ, ನಾನೂ ಒಪ್ಪುತ್ತೇನೆ. ಬಿದಿರಿನ ಛಾವಣಿ, ತೂಗುವ ಗಿಡಗಳು, ಎಲ್ಲ ಚಂದ. ಇಪ್ಪತ್ತು ನಿಮಿಷ ನೋಡಿ. ಏಳು ಗಂಟೆ ನೋಡುವಂಥದ್ದು ಅಲ್ಲಿ ಏನಿದೆ? "ಕೋಟೆ ಚಿಕ್ಕದು" ಅನ್ನುವವರಿದ್ದಾರೆ. ಚಿಕ್ಕದಾಗಿರುವುದಕ್ಕೇ ಒಂದು ಗಂಟೆಯಲ್ಲಿ ನೋಡಿ ಮುಗಿಸಬಹುದು! "ಬಿಸಿಲು" ಅನ್ನುತ್ತಾರೆ. ಟೋಪಿ ಹಾಕಿಕೊಳ್ಳಿ.

ಸಿಂಗಪುರದ ಚಾಂಗಿ ಏರ್‌ಪೋರ್ಟಿನಲ್ಲಿ ಐದೂವರೆ ಗಂಟೆಗಿಂತ ಜಾಸ್ತಿ ಟ್ರಾನ್ಸಿಟ್ ಇದ್ದವರಿಗೆ ಬಿಟ್ಟಿಯಾಗಿ ಊರು ತೋರಿಸುತ್ತಾರೆ. ಇಸ್ತಾಂಬುಲ್‌ನಲ್ಲಿ ಟರ್ಕಿಶ್ ಏರ್‌ಲೈನ್ಸ್ ತನ್ನ ಟ್ರಾನ್ಸಿಟ್ ಪ್ರಯಾಣಿಕರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಮಸೀದಿ, ಅರಮನೆ ತೋರಿಸಿ ವಾಪಸ್ ತಂದು ಬಿಡುತ್ತದೆ. ಅಂಥ ವಿಡಿಯೋಗಳಿಗೆ ನಮ್ಮವರೇ "ವಾಹ್" ಅಂತ ಕಾಮೆಂಟ್ ಹಾಕುತ್ತಾರೆ. ಇಲ್ಲಿ ಸಾವಿರದ ಇನ್ನೂರು ವರ್ಷದ ದೇವಸ್ಥಾನಕ್ಕೆ ವೀಸಾ ಬೇಡ, ಟಿಕೆಟ್ ಬೇಡ, ಭಾಷೆ ನಮ್ಮದೇ. ಒಂದು ಬಸ್ ಬಿಡಿ ಅಂತ ನಾನು ಕೇಳುತ್ತಲೇ ಇರುತ್ತೇನೆ. ದಿನಕ್ಕೆ ಎರಡು ಸಲ, ಟರ್ಮಿನಲ್, ಕೋಟೆ, ಭೋಗನಂದೀಶ್ವರ, ಟರ್ಮಿನಲ್. ಯಾಕೆ ಆಗುವುದಿಲ್ಲ? ಆಗಲೇಬೇಕು. ಅಲ್ವಾ?

ಅಲ್ಲಿಯವರೆಗೆ ನೀವೇ ಹೋಗಿ. ಮಂಗಳೂರಿನವರು ಹೋಗಿ, ಬೀದರಿನವರು ಹೋಗಿ, ದುಬೈನಿಂದ ಬರುವವರು ಹೋಗಿ. ಯಾರಾದರೂ "ಬೆಂಗಳೂರು ಏರ್‌ಪೋರ್ಟ್ ಹತ್ತಿರ ಏನಿದೆ" ಅಂತ ಕೇಳಿದರೆ ಈ ವಿಡಿಯೋ ಕಳಿಸಿ. ಉತ್ತರಕ್ಕೆ ಅಂತ ಹೇಳಿ. ಉತ್ತರಕ್ಕೆ, ಉತ್ತರಕ್ಕೆ, ಉತ್ತರಕ್ಕೆ!

ಮುಂದಿನ ಸಂಚಿಕೆ ಮುದ್ದೇನಹಳ್ಳಿಯಿಂದ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು, ಇದೇ ನಂದಿಯ ಹತ್ತಿರ. ಅವರ ಮನೆ ಈಗ ಮ್ಯೂಸಿಯಂ. ಎಂಟೊಂಬತ್ತು ಗಂಟೆ ಲೇಓವರ್ ಇರುವವರು ಅದನ್ನೂ ಸೇರಿಸಿಕೊಳ್ಳಬಹುದು. ನಿಮ್ಮ ಹತ್ತಿರ ಈ ಕಡೆಯ ಫೋಟೋ ಇದ್ದರೆ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿ, ಲಿಂಕ್ ಕೆಳಗಿದೆ. ಚೆನ್ನಾಗಿರುವುದನ್ನು ಮುಂದಿನ ವಾರ ತೋರಿಸುತ್ತೇನೆ.