ಜಾನ್ ಹೈನ್ಸ್: ಹಣದ ಜೊತೆ ಹಿಡಿತವನ್ನೂ ಬಿಟ್ಟುಕೊಟ್ಟ ಬಿಷಪ್

ಗೆಳೆಯರೇ, ಅಮೆರಿಕದ ಎಪಿಸ್ಕೋಪಲ್ ಸಭೆಯ ಪ್ರಧಾನ ಬಿಷಪ್ ಆಗಿದ್ದ ಜಾನ್ ಹೈನ್ಸ್ ಅವರ ಸೇವೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅವರ ಸಭೆಯ ಹಣಕಾಸು ನಡೆಯುತ್ತಿದ್ದ ಬಗೆ ಮೊದಲು ಗೊತ್ತಿರಬೇಕು. ಈ ಸಭೆ ಆಂಗ್ಲಿಕನ್ ಪರಂಪರೆಗೆ ಸೇರಿದ್ದು. 1947ರಲ್ಲಿ ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಹುಟ್ಟಿದಾಗ ಅದರೊಳಗೆ ಕೂಡಿಕೊಂಡ ಪರಂಪರೆಗಳಲ್ಲಿ ಅದೂ ಒಂದು. ಭಾನುವಾರದ ಕಾಣಿಕೆ ಊರಿನ ಸಭೆಯಲ್ಲಿ ಕೂಡುತ್ತದೆ. ಅದರಲ್ಲಿ ಒಂದು ಪಾಲು ಧರ್ಮಪ್ರಾಂತ್ಯಕ್ಕೆ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಸಭೆಗಳ ಕೂಟಕ್ಕೆ, ಅಲ್ಲಿಂದ ಒಂದು ಪಾಲು ನ್ಯೂಯಾರ್ಕಿನ ಕೇಂದ್ರ ಕಚೇರಿಗೆ ಹೋಗುತ್ತದೆ. ಪ್ರಧಾನ ಬಿಷಪ್ ಎಂಬುದು ದೊಡ್ಡ ಹೆಸರು, ಆದರೆ ಇನ್ನೊಬ್ಬ ಬಿಷಪ್ಪರ ಪ್ರಾಂತ್ಯದಲ್ಲಿ ಅಪ್ಪಣೆ ಮಾಡುವ ಅಧಿಕಾರ ಅವರಿಗಿಲ್ಲ. ಹೈನ್ಸ್ ಕಾಲದಲ್ಲಿ ಪ್ರಾಂತ್ಯವೊಂದು ಮುನಿಸಿಕೊಂಡು ತನ್ನ ಪಾಲು ತಡೆದರೆ, ಬಲವಂತದಿಂದ ವಸೂಲು ಮಾಡಲು ದಾರಿಯಿರಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಕೀಲಿ ಇಲ್ಲಿದೆ.

ಹೈನ್ಸ್ ಹುಟ್ಟಿದ್ದು 1910ರಲ್ಲಿ, ದಕ್ಷಿಣ ಕೆರೊಲಿನಾದ ಸೆನೆಕಾ ಊರಿನಲ್ಲಿ, ವೈದ್ಯರ ಮನೆಯಲ್ಲಿ. ವರ್ಜಿನಿಯಾದ ಸೆಮಿನರಿಯಲ್ಲಿ ಓದಿ, ಮಿಸೌರಿಯಲ್ಲಿ ಬಿಷಪ್ ವಿಲಿಯಂ ಸ್ಕಾರ್ಲೆಟ್ ಅವರ ಕೈಕೆಳಗೆ ಸೇವೆ ಶುರು ಮಾಡಿದರು. ಸುವಾರ್ತೆ ಅಂದರೆ ಕೂಲಿ, ವಸತಿ, ನ್ಯಾಯಗಳ ಪ್ರಶ್ನೆಯೂ ಹೌದು ಎಂಬ ಪಾಠ ಅವರಿಗೆ ಅಲ್ಲೇ ಸಿಕ್ಕಿತು. ಜಾರ್ಜಿಯಾದ ಆಗಸ್ಟಾ, ಆಮೇಲೆ ಹ್ಯೂಸ್ಟನ್, 1945ರಿಂದ ಟೆಕ್ಸಸ್‌ನ ಸಹಬಿಷಪ್, 1955ರಲ್ಲಿ ಬಿಷಪ್. 1964ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೇರಿದ ಮಹಾಸಭೆ (ಇಡೀ ಎಪಿಸ್ಕೋಪಲ್ ಸಭೆಯ ಬಿಷಪ್ಪರೂ ಪ್ರತಿನಿಧಿಗಳೂ ಕೂಡಿ ತೀರ್ಮಾನಿಸುವ ಕೂಟ) ಅವರನ್ನು ಪ್ರಧಾನ ಬಿಷಪ್ಪರನ್ನಾಗಿ ಆರಿಸಿದಾಗ ಅವರಿಗೆ 54 ವರ್ಷ ಆಗಷ್ಟೇ ತುಂಬಿತ್ತು.

1967ರ ಬೇಸಿಗೆಯಲ್ಲಿ, ಕಪ್ಪು ಜನರ ಕೇರಿಗಳಲ್ಲಿ ಎದ್ದ ಗಲಭೆಗಳಲ್ಲಿ, ನ್ಯೂವಾರ್ಕ್ ಮತ್ತು ಡೆಟ್ರಾಯಿಟ್ ಹೊತ್ತಿ ಉರಿದವು. ಡೆಟ್ರಾಯಿಟ್ ಒಂದರಲ್ಲೇ 43 ಜನ ಸತ್ತರು. ಹೈನ್ಸ್ ಸುಟ್ಟ ಬೀದಿಗಳಲ್ಲಿ, ಬ್ರೂಕ್ಲಿನ್‌ನ ಬೆಡ್‌ಫರ್ಡ್-ಸ್ಟೈವೆಸೆಂಟ್ ಕೇರಿಯಲ್ಲಿ ನಡೆದಾಡಿ, ಅಲ್ಲಿನ ಕಪ್ಪು ಜನರ ಮಾತು ಕೇಳಿದರು. ಆ ಜನ ಚರ್ಚಿನ ದಾನವನ್ನು ಬೇಡಲಿಲ್ಲ. ತಮ್ಮ ಕೇರಿಯ ಕೆಲಸವನ್ನು ತಾವೇ ತೀರ್ಮಾನಿಸುವ ಶಕ್ತಿ ಬೇಕು ಎಂದರು. ಸೆಪ್ಟೆಂಬರಿನಲ್ಲಿ ಸಿಯಾಟಲ್‌ನ ಮಹಾಸಭೆಯ ಆರಂಭದ ಪ್ರಸಂಗದಲ್ಲೇ ಹೈನ್ಸ್ ವರ್ಷಕ್ಕೆ 30 ಲಕ್ಷ ಡಾಲರಿನಂತೆ ಮೂರು ವರ್ಷಕ್ಕೆ 90 ಲಕ್ಷ ಡಾಲರ್ ಕೇಳಿದರು: ಇಂಥ ಜನರ ಸಂಘಟನೆಗಳಿಗೆ ಅನುದಾನ ಕೊಡುವ ಯೋಜನೆಯೊಂದಕ್ಕೆ. ಮಹಾಸಭೆ ಒಪ್ಪಿತು. ಇದರಲ್ಲಿ ದೊಡ್ಡ ಪಾಲು ಬಂದದ್ದು ಮಹಿಳೆಯರ ಕೃತಜ್ಞತಾ ಕಾಣಿಕೆಯಿಂದ: ಮನೆಯಲ್ಲೊಂದು ಪುಟ್ಟ ನೀಲಿ ಡಬ್ಬಿ ಇಟ್ಟುಕೊಂಡು, ಒಳ್ಳೆಯದೇನಾದರೂ ಆದಾಗಲೆಲ್ಲ ಅದಕ್ಕೊಂದು ನಾಣ್ಯ ಹಾಕಿ ಕೂಡಿಸಿದ ಹಣ.

ಯೋಜನೆಯ ನಿರ್ದೇಶಕರಾಗಿ ಬಂದವರು ಬ್ರೂಕ್ಲಿನ್‌ನ ಕಪ್ಪು ಸಮಾಜಸೇವಕ ಲಿಯಾನ್ ಮೊಡೆಸ್ಟ್. ಅವರು ಪಾದ್ರಿಯಲ್ಲ. ಅನುದಾನದ ಷರತ್ತುಗಳನ್ನು ಗಮನವಿಟ್ಟು ನೋಡಿ. ಸಂಘಟನೆಯ ಹಿಡಿತ ಬಡವರ ಕೈಯಲ್ಲೇ ಇರಬೇಕು. ಅದು ಚರ್ಚಿಗೆ ಸೇರಿರಬೇಕಿಲ್ಲ. ಕೆಲಸ ಸಾಧಿಸಲು ದೈಹಿಕ ಹಿಂಸೆಯನ್ನು ಅದು ಪ್ರತಿಪಾದಿಸಕೂಡದು. ಅರ್ಜಿ ಬಂದರೆ ಸಿಬ್ಬಂದಿ ಸ್ಥಳಕ್ಕೆ ಹೋಗಿ ನೋಡಿ ವರದಿ ಮಾಡುತ್ತಿದ್ದರು, ಪರಿಶೀಲನಾ ಸಮಿತಿ ತೂಗಿ ನೋಡುತ್ತಿತ್ತು. ಸ್ಥಳೀಯ ಬಿಷಪ್ಪರ ಅಭಿಪ್ರಾಯ ಕೇಳಬೇಕಿತ್ತು; ತಡೆಯುವ ಹಕ್ಕು ಮಾತ್ರ ಅವರಿಗಿರಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಬೇಕೆಂದೇ ಮಾಡಿದ, ಸರಿಯಾದ ಏರ್ಪಾಡು. ಊರಿನ ಉಳ್ಳವರನ್ನು ಎದುರಿಸುವ ಬಡವರ ಸಂಘಕ್ಕೆ, ಅದೇ ಉಳ್ಳವರು ಕೂರುವ ಚರ್ಚಿನ ಒಪ್ಪಿಗೆ ಬೇಕು ಎಂದರೆ ಯೋಜನೆ ಹುಟ್ಟುವಾಗಲೇ ಸತ್ತಂತೆ.

ಪೆಟ್ಟು ಬಿದ್ದದ್ದೂ ಅಲ್ಲೇ. ನ್ಯೂ ಮೆಕ್ಸಿಕೋದಲ್ಲಿ ಹಿಸ್ಪಾನಿಕ್ ರೈತರ ಕಳೆದುಹೋದ ಭೂಮಿಗಾಗಿ ಹೋರಾಡುತ್ತಿದ್ದ ಅಲಿಯಾಂಜಾ ಸಂಘಟನೆಗೆ 1969ರಲ್ಲಿ 40,000 ಡಾಲರ್ ಮಂಜೂರಾಯಿತು. ಅದರ ನಾಯಕ ಟಿಹೆರಿನಾ 1967ರಲ್ಲಿ ಕೋರ್ಟಿನ ಮೇಲೆ ನಡೆದ ಸಶಸ್ತ್ರ ದಾಳಿಯ ಮುಂದಾಳು. ಅಲ್ಲಿನ ಬಿಷಪ್ ಕಿನ್ಸಾಲ್ವಿಂಗ್ ಬಲವಾಗಿ ವಿರೋಧಿಸಿದರು, ಪ್ರಾಂತ್ಯ ಕೇಂದ್ರಕ್ಕೆ ಕೊಡುವ ಹಣವನ್ನು ತಡೆಯಿತು. ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ ಕಪ್ಪು ಹೋರಾಟಗಾರರು ಕಟ್ಟಿದ ಮಾಲ್ಕಮ್ ಎಕ್ಸ್ ವಿಮೋಚನಾ ವಿಶ್ವವಿದ್ಯಾಲಯಕ್ಕೆ 45,000 ಡಾಲರ್ ಕೊಟ್ಟಾಗಲೂ ಕಾಣಿಕೆ ಇಳಿಯಿತು. ಅದೇ ವರ್ಷ ಸೌತ್ ಬೆಂಡ್‌ನ ವಿಶೇಷ ಮಹಾಸಭೆಯಲ್ಲಿ 2 ಲಕ್ಷ ಡಾಲರ್ ಕೊಡುವ ನಿರ್ಧಾರವಾಯಿತು. ಗುಲಾಮಗಿರಿಯ ಅನ್ಯಾಯಕ್ಕೆ ಬಿಳಿಯರ ಚರ್ಚುಗಳಿಂದ 50 ಕೋಟಿ ಡಾಲರ್ ಪರಿಹಾರ ಕೇಳಿದ್ದ ಕಪ್ಪು ಆರ್ಥಿಕ ಅಭಿವೃದ್ಧಿ ಸಮ್ಮೇಳನ ಎಂಬ ಸಂಘಟನೆಗೆ ಆ ಹಣ ತಲುಪುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕೊಟ್ಟದ್ದು ಮಾತ್ರ ಕಪ್ಪು ಪಾದ್ರಿಗಳ ರಾಷ್ಟ್ರೀಯ ಸಮಿತಿಯ ಮೂಲಕ. ಈ ಸುತ್ತುಬಳಸು ಯಾರಿಗೂ ಸಮಾಧಾನ ತರಲಿಲ್ಲ. ವಿರೋಧಿಗಳಿಗೆ ಅದು ಮರೆಮಾಚಿದಂತೆ ಕಂಡಿತು, ಕಪ್ಪು ಪ್ರತಿನಿಧಿಗಳಿಗೆ ತಮ್ಮನ್ನು ನಂಬಲಿಲ್ಲ ಅನ್ನಿಸಿತು.

ಹೈನ್ಸ್ ಎಡವಿದ್ದು ಎರಡು ಕಡೆ ಎಂದು ನಾನು ಭಾವಿಸುತ್ತೇನೆ. ಯೋಜನೆ ರೂಪುಗೊಳ್ಳುವಾಗ ಸಭೆಯೊಳಗಿನ ಕಪ್ಪು ಪಾದ್ರಿಗಳನ್ನೇ ಬದಿಗಿಟ್ಟರು. ದಶಕಗಳಿಂದ ಅವಮಾನ ನುಂಗಿ ದುಡಿದವರಿಗೆ ಅದು ಬಹಳ ನೋವು ಕೊಟ್ಟಿತು. ಎರಡನೆಯದು, ಮಹಾಸಭೆ ಕೈಯೆತ್ತಿದ್ದನ್ನೇ ಊರೂರಿನ ಸಭೆಗಳ ಒಪ್ಪಿಗೆ ಎಂದುಕೊಂಡರು. ಮಹಾಸಭೆ ಸೇರುವುದು ಮೂರು ವರ್ಷಕ್ಕೊಮ್ಮೆ, ಕಾಣಿಕೆ ತಟ್ಟೆ ತಿರುಗುವುದು ಪ್ರತಿ ಭಾನುವಾರ. ನಮ್ಮೂರಿನ ಹಣ ಎಲ್ಲಿಗೆ ಹೋಯಿತು ಎಂಬುದನ್ನು ಜನ ಪತ್ರಿಕೆಯಲ್ಲಿ ಓದಿ ತಿಳಿಯುವಂತಾದಾಗ ಸಿಟ್ಟು ಹತ್ತದೆ ಇರುತ್ತದೆಯೇ? 1970ರಲ್ಲಿ ಹ್ಯೂಸ್ಟನ್ ಮಹಾಸಭೆ ನಿಯಮ ಬದಲಿಸಿತು: ಸ್ಥಳೀಯ ಬಿಷಪ್ ಬೇಡವೆಂದರೆ, ಅನುದಾನ ಕೊಡಲು ಕಾರ್ಯಕಾರಿ ಮಂಡಳಿಯ (ಮಹಾಸಭೆಗಳ ನಡುವೆ ಆಡಳಿತ ನೋಡುವ ಮಂಡಳಿ) ಒಟ್ಟು ಸದಸ್ಯರ ಬಹುಮತ ಬೇಕು. ಹಣ ಇಳಿದಂತೆ ಕೇಂದ್ರ ಕಚೇರಿಯ ಸುಮಾರು ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. 1973ರಲ್ಲಿ ಯೋಜನೆ ಮುಗಿಯಿತು. 1974ರಲ್ಲಿ ಹೈನ್ಸ್, ಅವಧಿ ಉಳಿದಿರುವಾಗಲೇ, ಹುದ್ದೆ ಬಿಟ್ಟರು.

ಕಾಣಿಕೆಯ ಹಣ ಹೀಗೆ ಕೈಕಟ್ಟಿದ ಕಾಲದಲ್ಲೇ ಅವರು ಇನ್ನೊಂದು ಹಣದತ್ತ ಕಣ್ಣು ಹಾಯಿಸಿದ್ದರು: ಸಭೆ ಹೂಡಿಕೆಯಾಗಿ ಇಟ್ಟುಕೊಂಡಿದ್ದ ಷೇರುಗಳು. ಕಾರು ತಯಾರಿಸುವ ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಸಭೆಗೆ 12,574 ಷೇರು ಇದ್ದವು; ಕಂಪನಿಯ ಒಟ್ಟು ಷೇರು ಸುಮಾರು 28 ಕೋಟಿ. 1971ರ ಆರಂಭದಲ್ಲಿ ಹೈನ್ಸ್ ಕಂಪನಿಯ ಅಧ್ಯಕ್ಷರಿಗೆ ಪತ್ರ ಬರೆದು, ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಕಾರ್ಖಾನೆ ಮುಚ್ಚುವ ಗೊತ್ತುವಳಿಯನ್ನು ವಾರ್ಷಿಕ ಸಭೆಗೆ ತರುವುದಾಗಿ ತಿಳಿಸಿದರು. ನಿಯಮಕ್ಕೆ ಒಳಪಟ್ಟ ಗೊತ್ತುವಳಿಯಾದರೆ ಕಂಪನಿ ಅದನ್ನೂ ಅದರ ಚಿಕ್ಕ ಸಮರ್ಥನೆಯನ್ನೂ ಮತಪತ್ರದ ದಾಖಲೆಗಳಲ್ಲಿ ಅಚ್ಚು ಹಾಕಿ ಎಲ್ಲ ಷೇರುದಾರರಿಗೂ ತನ್ನ ಖರ್ಚಿನಲ್ಲೇ ಕಳಿಸಬೇಕು. ಹಾಗಾಗಿ ಸೋಲು ಖಚಿತವಿದ್ದರೂ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಆ ಪ್ರಶ್ನೆ ತಲುಪಿತು.

ಮೇ ತಿಂಗಳಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ಷೇರುದಾರರ ಸಭೆಗೆ ಹೈನ್ಸ್ ತಾವೇ ಹೋಗಿ ಗೊತ್ತುವಳಿ ಮಂಡಿಸಿದರು. ಕಂಪನಿಯ ಮೊದಲ ಕಪ್ಪು ನಿರ್ದೇಶಕ, ಬ್ಯಾಪ್ಟಿಸ್ಟ್ ಪಾದ್ರಿ ಲಿಯಾನ್ ಸಲಿವನ್, ಆಡಳಿತ ಮಂಡಳಿಯ ಮಾತು ಮೀರಿ ಅದರ ಪರ ಮಾತನಾಡಿದರು. ಬಿದ್ದ ಮತ ಶೇ. 2ನ್ನೂ ಮುಟ್ಟಲಿಲ್ಲ. ಆದರೂ ಬೇರೆ ಬೇರೆ ಪಂಗಡಗಳ ಚರ್ಚುಗಳು ಒಟ್ಟುಗೂಡಿ ವರ್ಷ ವರ್ಷವೂ ಇಂಥ ಗೊತ್ತುವಳಿ ತರುವುದನ್ನು ರೂಢಿ ಮಾಡಿಕೊಂಡವು. 1977ರಲ್ಲಿ ಸಲಿವನ್ ದಕ್ಷಿಣ ಆಫ್ರಿಕಾದಲ್ಲಿರುವ ಅಮೆರಿಕನ್ ಕಂಪನಿಗಳಿಗೆ ನಡವಳಿಕೆಯ ಸೂತ್ರಗಳನ್ನು ಬರೆದರು. 1986ರ ಅಕ್ಟೋಬರಿನಲ್ಲಿ ಜನರಲ್ ಮೋಟಾರ್ಸ್ ಅಲ್ಲಿನ ತನ್ನ ಉದ್ಯಮವನ್ನು ಮಾರಿ ಹೊರಡುವುದಾಗಿ ಪ್ರಕಟಿಸಿತು.